ಚಂದ್ರಭಾಗಾಳ ಮನೆಗೆ ಎಂಟು ಖುರ್ಚಿ

ನಾನು ವಿದ್ಯಾಪೀಠದ ಕಚೇರಿಯಲ್ಲಿ ಗುತ್ತಿಗೆಯ ಟೈಪಿಸ್ಟ್. ಹನ್ನೊಂದು ತಿಂಗಳಿಗೊಮ್ಮೆ ನನ್ನ ನೌಕರಿ ಸಾಯುತ್ತದೆ. ಸಾಹೇಬರ ಮರ್ಜಿಯಿದ್ದರೆ ಮತ್ತೆ ಹುಟ್ಟುತ್ತದೆ. ಹೀಗಾಗಿ ದಿನಾ ಮುಂಜಾನೆ ಗೂಟದಿಂದ ಅಂಗಿ ತೆಗೆದು ತೊಟ್ಟು, ಮಾನವನ್ನು ಅದೇ ಗೂಟಕ್ಕೆ ತೂಗುಹಾಕಿ ಹೋಗುತ್ತೇನೆ.

ನಿಲಂಗಾ ಹತ್ತಿರದ ನಮ್ಮ ಪುನರ್ವಸತಿ ಊರಿನ ಚಂದ್ರಭಾಗಾ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯಲ್ಲಿ ತೊಗರಿ ಹಸನು ಮಾಡುವವಳು. ಗಂಡನಿಲ್ಲ. ಲಾತೂರಿನ ಭೂಕಂಪದಲ್ಲಿ ಮನೆಯ ಐವರ ಪೈಕಿ ಇವಳೊಬ್ಬಳನ್ನೇ ಜೀವಂತ ತೆಗೆದರು. ಆಗ ಹದಿನಾರು, ಇನ್ನೂ ಮದುವೆಯಾಗಿರಲಿಲ್ಲ. ಸರ್ಕಾರ ಕೊಟ್ಟ ಸಿಮೆಂಟಿನ ಮನೆಯಿದೆ, ಇಪ್ಪತ್ತು ವರ್ಷವಾದರೂ ಅದರ ಛತ್ತಿನ ಕೆಳಗೆ ಮಲಗಿಲ್ಲ. ಮಳೆಯಲ್ಲೂ ಅಂಗಳದಲ್ಲೇ ಹೊರಸು, ಮೇಲೊಂದು ತಾಡಪತ್ರಿ.

ಮಗಳು ಉಮಾಶ್ರೀಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿನ ಖರ್ಚಿಗೆ ವಿದ್ಯಾಪೀಠದ ನೆರವು ಎರಡು ಬಗೆ: ಅಂಕ ನೋಡಿ ಒಂದು, ಬಡತನ ನೋಡಿ ಒಂದು. ಅಂಕದ್ದು ಮೂರೇ ಅಂಕದಲ್ಲಿ ತಪ್ಪಿ, ಅದೇ ಅಡತಿಯ ಮಾಲೀಕರ ಮಗ, ಎರಡು ವರ್ಷ ಲಾತೂರಿನಲ್ಲಿ ಟ್ಯೂಷನ್ನಿಗೆ ಕೂತ ಶೈಲೇಶನಿಗೆ ಹೋಯಿತು. ಅವನ ಮನೆ ನೋಡಲು ಯಾರೂ ಹೋಗಲಿಲ್ಲ. ಜಾಣರದು ಅಂಕಪಟ್ಟಿ ನೋಡಿದರೆ ಸಾಕು; ಬಡವರದಾದರೆ ಹಿಟ್ಟಿನ ಡಬ್ಬಿಯನ್ನೂ ತೆರೆದು ನೋಡಬೇಕು.

ಉಮಾಶ್ರೀ ಬಡತನದ ನೆರವಿಗೆ ಅರ್ಜಿ ಹಾಕಿದಳು. ಅವಳ ಮನೆಯ ತಪಾಸಣೆಗೆ ಸಾಹೇಬರು ನನ್ನನ್ನೂ ಕರೆದರು. "ಗುರುತಿನವರೇನು?" "ಇಲ್ಲ ಸರ್." ಗುರುತಿದ್ದವರು ಹೋಗುವಂತಿರಲಿಲ್ಲ, ದಿನದ ಭತ್ಯೆ ತಪ್ಪುತ್ತಿತ್ತು.

ಹಿಂದಿನ ದಿನ ಚಂದ್ರಭಾಗಾಳ ಮುಂದೆ ನಾನೇ ಬಾಯಿಬಿಟ್ಟಿದ್ದೆ. "ಮೌಶಿ, ನಾಳಿ ಸಾಹೇಬ್ರು ಬರ್ತಾರ. ಮನಿ ಒಂಚೂರು ನೀಟ ಇಡ್ರಿ. ನನ್ನ ಗುರುತ ಹೇಳಬ್ಯಾಡ್ರಿ."

"ಅದೂ ನೀ ಹೇಳಬೇಕೇನು ತಮ್ಮಾ? ಬಂದ ಮಂದಿಗಿ ನೆಲಕ್ಕ ಕೂಡಸ್ತಾರೇನು?"

ಹೋಗಿ ನೋಡಿದರೆ ಸುಣ್ಣ ಬಳಿದ ಗೋಡೆ, ಆರು ಖುರ್ಚಿ, ಟೇಬಲ್ ಫ್ಯಾನು, ತಾಟಿನಲ್ಲಿ ಶಿರಾ. ಖುರ್ಚಿ ನಮ್ಮ ಮನೆಯವು. ಫ್ಯಾನೂ ನಮ್ಮದೇ, ನಮ್ಮವ್ವ ಕೊಟ್ಟಿದ್ದಳು. ಸಾಹೇಬರು, ನಾನು, ಕಚೇರಿಯ ಇನ್ನು ನಾಲ್ವರು ಕೂತದ್ದೇ ಆರೂ ಖುರ್ಚಿ ತುಂಬಿದವು; ಡ್ರೈವರ್ ಬಾಗಿಲಲ್ಲೇ ನಿಂತು ಚಹಾ ಕುಡಿದ.

ಸಾಹೇಬರು ಶಿರಾ ತಿಂದು, "ಘರ ಛಾನ ಆಹೆ" ಎಂದು ಮರಾಠಿಯಲ್ಲಿ ಮನೆ ಹೊಗಳಿದರು. ಚಂದ್ರಭಾಗಾ ಸೆರಗು ಸರಿಮಾಡಿಕೊಂಡು ನಕ್ಕಳು. ಗಾಡಿ ಹತ್ತಿದ ಮೇಲೆ ಅವರೆಂದರು: "ಬರಕೋ. ಪಕ್ಕಾ ಮನೆ, ಆರು ಖುರ್ಚಿ, ಒಂದು ಫ್ಯಾನು. ಅನರ್ಹ."

ಖುರ್ಚಿ ನಮ್ಮವು ಎಂದರೆ ಗುರುತಿದೆ ಎಂದು ಒಪ್ಪಿಕೊಂಡಂತೆ. ಬರೆದುಕೊಂಡೆ. ಒಂದೂ ತಪ್ಪಿಲ್ಲದೆ ಟೈಪು ಮಾಡಿದೆ. ಸಾಹೇಬರು ಮೆಚ್ಚಿದರು, ಗುತ್ತಿಗೆ ಮುಂದುವರಿಯಿತು.

ಹಾಸ್ಟೆಲಿನ ದುಡ್ಡು ಹೊಂದದೆ ಉಮಾಶ್ರೀಯ ಸೀಟು ಹೋಯಿತು. ವರ್ಷವಿಡೀ ಅವ್ವನ ಪಕ್ಕ ಕೂತು ಶೈಲೇಶನ ಅಪ್ಪನ ತೊಗರಿ ಕೇರಿದಳು. ಓದು ಬಿಡಲಿಲ್ಲ, ಮತ್ತೆ ಪರೀಕ್ಷೆ ಬರೆದು ಮತ್ತೆ ಸೀಟು ತಂದಳು.

ನಿನ್ನೆ ಚಂದ್ರಭಾಗಾ ಬಂದಳು. "ತಮ್ಮಾ, ಮತ್ತ ಅರ್ಜಿ ಹಾಕೀವಿ. ಖುರ್ಚಿ ಬೇಕಾಗ್ಯಾವ."

"ಮೌಶಿ, ಖುರ್ಚಿ ಯಾಕ..." ಎಂದು ಬಾಯಿ ತೆರೆದೆ.

"ಹೋದ ಸಲ ಆ ಡ್ರೈವರ ನಿಂತೇ ಚಹಾ ಕುಡದಾ. ಅದೇ ಸಾಹೇಬರ ಮನಸಿಗಿ ಹತ್ಯದ. ಈ ಸಲ ಎಂಟು ಕೊಡು."

ಖುರ್ಚಿಯಿಂದಲೇ ನೆರವು ತಪ್ಪಿತೆಂದರೆ, ಅದನ್ನು ಬರೆದವನು ನಾನೆಂಬುದೂ, ನಮ್ಮ ಗುರುತೂ ಹೊರಬೀಳುತ್ತದೆ. ನನ್ನ ಗುತ್ತಿಗೆ ಮುಂದಿನ ವಾರ ಮುಗಿಯುತ್ತದೆ. ಎಂಟನೆಯ ಖುರ್ಚಿ ಅಟ್ಟದ ಮೇಲಿತ್ತು. ನಾನೇ ಇಳಿಸಿ, ಧೂಳು ಒರೆಸಿ ಕೊಟ್ಟೆ.