ಹೆಸರು ಹೇಳಿಸುವ ಕಸ್ತೂರವ್ವ

ಇಳಕಲ್ಲಿನ ಕಸ್ತೂರವ್ವನನ್ನು ಎಲ್ಲರೂ ಆಯೋಗದವ್ವ ಎಂದೇ ಕರೆಯುತ್ತಾರೆ. ಮಹಿಳಾ ಆಯೋಗದಲ್ಲಿ ಅವಳಿಗೆ ನೌಕರಿಯೂ ಇಲ್ಲ, ಪಗಾರವೂ ಇಲ್ಲ. ಸೀರೆ ನೇಯುತ್ತಾಳೆ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಹೆಂಗಸರ ಅರ್ಜಿ ಬರೆಯುತ್ತಾಳೆ. ಬಾಗಲಕೋಟೆ ಜಿಲ್ಲೆಯಾದ ಮೇಲೆ ಆಯೋಗದವರು ವಿಚಾರಣೆಗೆ ಅಲ್ಲಿಗೇ ಬರುತ್ತಾರೆ. ಆ ದಿನ ನಾಲ್ಕೈದು ಜನರನ್ನು ಮೊದಲ ಬಸ್ಸಿಗೆ ಹತ್ತಿಸಿ, ಅವರಿಗೆ ಸೀಟು ಸಿಗುವತನಕ ಕಂಡಕ್ಟರನ ಜೀವ ತಿನ್ನುತ್ತಾಳೆ. ಅಳುತ್ತ ಬಂದವರಿಗೆ ಮೊದಲು ಚಹಾ, ಆಮೇಲೆ ಬೈಗುಳ. ಅವಳದು ಒಂದೇ ಹಟ: ಗಂಡನ ಹೆಸರನ್ನು ಹೆಂಡತಿಯೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಪೆನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತ ತಾಯಿ ಹೇಳಹೋದರೆ, "ನೀ ಸುಮ್ನಿರಬೇ, ಆಕೀನ ಹೇಳ್ಲಿ" ಎಂದು ಗದರುತ್ತಾಳೆ. "ಅವ್ರ ಹೆಸರ ನಾ ಹೆಂಗ ಹೇಳ್ಲಿ ಯವ್ವಾ?" ಎಂದು ಹುಡುಗಿ ತಲೆ ತಗ್ಗಿಸಿದರೆ, "ಮದುವ್ಯಾಗ ಒಡಪು ಹಾಕಿ ಹೇಳಿದ್ದಿಲ್ಲೇನು? ಹಂಗ ಹೇಳು" ಎನ್ನುತ್ತಾಳೆ. ಹಾಗಾಗಿ ಮುರಿದ ಕೈಯನ್ನು ಎದೆಗೊತ್ತಿಕೊಂಡು, ಬೆಳ್ಳಿ ಬಟ್ಟಲು, ಮಲ್ಲಿಗೆ ಮೊಗ್ಗು ಎಂದು ಒಡಪಿನ ಪ್ರಾಸ ಕಟ್ಟಿ, ಕೊನೆಗೆ ಹೊಡೆದವನ ಹೆಸರು ಉಸುರಿದವರೂ ಇದ್ದಾರೆ. ಓಣಿಯವರು ಇದನ್ನು ಹೇಳಿಕೊಂಡು ನಗುತ್ತಾರೆ. ಅವಳು ನಗುವುದಿಲ್ಲ. ಒಬ್ಬಳೇ ಮಗಳು ಶಾಂತವ್ವನನ್ನು ಗುಡೂರಿಗೆ ಕೊಟ್ಟಿದ್ದಳು. ಮೂರನೆಯ ವರ್ಷ ಮೈಯೆಲ್ಲ ಸುಟ್ಟು ದವಾಖಾನೆಯಲ್ಲಿ ಮಲಗಿದ್ದ ಆ ಮಗಳನ್ನು, ಹೇಳಿಕೆ ಬರೆದುಕೊಳ್ಳಲು ಬಂದವರು ಬೆಂಕಿ ಹಚ್ಚಿದವನ ಹೆಸರೇನೆಂದು ಮೂರು ಸಲ ಕೇಳಿದರು. ಕಸ್ತೂರವ್ವ ಹೇಳಹೋದರೆ, "ಆಕೀನ ಹೇಳಬೇಕ್ರಿ" ಎಂದು ತಡೆದರು. ಮೂರು ಸಲವೂ ಮಗಳು "ನಮ್ಮ ಮನ್ಯಾವ್ರು" ಎಂದಷ್ಟೇ ಹೇಳಿದಳು, ಮರುದಿನ ತೀರಿಕೊಂಡಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳಿಗೆ ಕಲಿಸಿದವಳು ಕಸ್ತೂರವ್ವನೇ.