ಬಂಡೆಯ ಮೇಲಿನ ಸೀಳು

ಕಳೆದ ತಿಂಗಳು ವಿಜಯಪುರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರ ಅಂಗಡಿಯ ಮುಂದೆ ಹಾಯುತ್ತಿದ್ದೆ. ಒಳಗೆ ಸ್ಟೋವಿನ ಮೇಲೆ ಸರೇಸಿನ ಅಂಟು ಕುದಿಯುತ್ತಿತ್ತು. ತೊಗಲು, ಎಲುಬು ಬೇಯಿಸಿ ಮಾಡುವ ಆ ಅಂಟಿನ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ನಾನು ನಿಂತುಬಿಟ್ಟೆ. ತಾಳಿಕೋಟೆಯಲ್ಲಿ ನಮ್ಮ ಪಕ್ಕದ ಮನೆಯ ಅಂಗಳ ಎಪ್ಪತ್ತರ ದಶಕದಲ್ಲಿ ಸದಾ ಇದೇ ವಾಸನೆ ಹೊಡೆಯುತ್ತಿತ್ತು.

ಆ ಮನೆಯವರು ನಾಟಕದ ಪರದೆ ಬರೆಯುವವರು. ಊರಿಗೆಲ್ಲ ಅವರು ಪರದೆಯ ಮಾಸ್ತರರು. ಪುಡಿ ಬಣ್ಣಕ್ಕೆ ಈ ಅಂಟು ಕಲಸಿ, ದೊಡ್ಡ ಮಾದರಪಾಟಿನ ಬಟ್ಟೆಯ ಮೇಲೆ ಅರಮನೆ, ಕಾಡು, ಬೀದಿ ಬರೆಯುತ್ತಿದ್ದರು. ಬೇಡವಾದ ಪರದೆಯನ್ನು ಹೊಳೆಯಲ್ಲಿ ತೊಳೆದರೆ ಬಣ್ಣ ಪೂರ್ತಿ ಬಿಡುತ್ತಿತ್ತು. ಅದೇ ಬಟ್ಟೆಯ ಮೇಲೆ ಮತ್ತೊಂದು ಊರು ಏಳುತ್ತಿತ್ತು. ಆಗ ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಕಣ್ಣಿಗೆ ಕಾಣದ್ದನ್ನು ಒಪ್ಪಬಾರದು, ಕಂಡದ್ದನ್ನೂ ಒಮ್ಮೆಗೇ ಒಪ್ಪಬಾರದು ಎಂದು ವಾದಿಸುತ್ತ ತಿರುಗುವ ವಯಸ್ಸು. ರಜೆಯಲ್ಲಿ ಊರಿಗೆ ಬಂದರೆ ಅವರ ಅಂಗಳದಲ್ಲೇ ಇರುತ್ತಿದ್ದೆ.

“ಬರ್ರಿ ಪಂಡಿತ್ರ,” ಎನ್ನುತ್ತಿದ್ದರು. “ದೇವರನ್ನಂತೂ ಬಿಟ್ಟೀರಿ. ನನ್ನ ಪರದಿನರ ನಂಬತೀರೋ, ಅದಕ್ಕೂ ಸಾಕ್ಷಿ ಬೇಕೋ?”

ಆ ಬೇಸಿಗೆ ಮುದ್ದೇಬಿಹಾಳದ ಕೆಲವು ಹುಡುಗರು ನಾಟಕಕ್ಕಾಗಿ ಬೆಟ್ಟಗಳ ನಡುವಿನ ಸರೋವರದ ಪರದೆ ಬೇಕೆಂದು ಹೇಳಿಹೋಗಿದ್ದರು. ನಮ್ಮ ಎರೆ ಸೀಮೆಯಲ್ಲಿ ಬೆಟ್ಟ ಎಲ್ಲಿಂದ ಬರಬೇಕು? ಮಾಸ್ತರರು ಸೈಕಲ್ ಹತ್ತಿ, ಕೆಲಸ ನಿಂತು ಮಳೆನೀರು ತುಂಬಿಕೊಂಡಿದ್ದ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುತ್ತಿದ್ದ ಹಳೆಯ ಖಣಿಯೊಂದನ್ನು ನೋಡಿ ಬಂದರು. ಸ್ಥಳದಲ್ಲಿ ಕೂತು ಬರೆಯುವ ರೂಢಿ ಅವರಿಗಿರಲಿಲ್ಲ. “ನೋಡಿ ಬರೋದು, ಮಲಗಿ ಏಳೋದು, ಬರಿಯೋದು. ಮರತದ್ದು ಮರತ ಹೋಗಲಿ, ಉಳದದ್ದಷ್ಟ ಚಿತ್ರ” ಎನ್ನುತ್ತಿದ್ದರು.

ಉಳಿದದ್ದು ಭಯ ಹುಟ್ಟಿಸುವಂತಿತ್ತು. ಒಟ್ಟಿದ ರೊಟ್ಟಿಗಳ ಹಾಗೆ ಪದರು ಪದರಾಗಿ ಎದ್ದ ಕಲ್ಲಿನ ಗೋಡೆಗಳು, ಖಣಿಗಿಂತ ಎಷ್ಟೋ ಎತ್ತರ. ಬುಡದಲ್ಲಿ ಅಲುಗಾಡದ ಕರಿಹಸಿರು ನೀರು. ಹಂಸವಿಲ್ಲ, ಕಮಲವಿಲ್ಲ. ಒಂದು ಕಡೆ ನೀರಿನ ಮೇಲೆ ಚಾಚಿದ ಬಂಡೆ, ಅದರ ಪಕ್ಕ ಕಲ್ಲಿನ ಸಂದಿಯಿಂದ ಹೊರಟ ಅತ್ತಿಯ ಗಿಡ. ಬಂಡೆಯ ಅಂಚಿನಲ್ಲಿ ಬೆಳ್ಳಗಿನ ಸೀಳು… ಕೊನೆಯ ದಿನ ಅವರು ಬಿಳಿ ಬಣ್ಣದಲ್ಲಿ ಆ ಗೆರೆ ಎಳೆದು, ಹಿಂದೆ ಸರಿದು, “ಕಣ್ಣು ಇಲ್ಲೆ ನಿಂದರಬೇಕು ನೋಡ್ರಿ” ಎಂದದ್ದು ನನಗೆ ನೆನಪಿದೆ. ನೆನಪಿದೆ ಎಂದು ಬರೆಯುತ್ತೇನೆ, ಅಷ್ಟೇ. ಮುಂದೆ ನಡೆದದ್ದಕ್ಕೆ ಅರ್ಥ ಹಚ್ಚಲು ಆ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಪರದೆಯನ್ನು ಒಣಗಿಸಲು ಮುಚ್ಚಿಹೋಗಿದ್ದ ಹತ್ತಿ ಜಿನ್ನಿನ ಉದ್ದ ಗೋಡೆಗೆ ಇಳಿಬಿಟ್ಟಿದ್ದರು. ಅಂದು ಸಂತೆ. ಸುತ್ತಲಿನ ಹಳ್ಳಿಯವರು ನಿಂತು ನೋಡುತ್ತಿದ್ದರು. “ಮಾಸ್ತರ, ಇದರಾಗ ಎಮ್ಮಿ ಮೈ ತೊಳಿಯಾಕ ಇಳಿಯೋ ಹಾದಿ ಎಲ್ಲೈತ್ರಿ?” ಎಂದು ಒಬ್ಬ ಕೇಳಿದ, ಎಲ್ಲರೂ ನಕ್ಕರು. ಆ ನಗೆಯ ನಡುವೆ ಒಬ್ಬ ಹೆಂಗಸು ತಲೆಯ ಬುಟ್ಟಿ ಇಳಿಸಿ ಮುಂದೆ ಬಂದು, ಅತ್ತಿಯ ಗಿಡಕ್ಕೆ ಬೆರಳು ತೋರಿಸಿ, ಗೋಡೆಯ ಬುಡದಲ್ಲಿ ಕುಸಿದು ಕೂತಳು.

ಆಕೆಯ ಮಗಳು ಅದೇ ಖಣಿಯಲ್ಲಿ, ಅದೇ ಬಂಡೆಯ ಮೇಲೆ ಬಟ್ಟೆ ಒಗೆಯಲು ಹೋದವಳು, ನೀರುಪಾಲಾಗಿದ್ದಳು. ಮಾಸ್ತರರು ಖಣಿ ನೋಡಿ ಬಂದ ಕೆಲವೇ ದಿನಗಳಿಗೆ. ಗಂಡನ ಮನೆಯಿಂದ ಅಳುತ್ತ ಬಂದಿದ್ದ ಹುಡುಗಿ. ಮರುದಿನ ತಿರುಗಿ ಹೋಗಲೇಬೇಕೆಂದು ತಾಯಿಯೇ ಗದರಿಸಿ, ಒಯ್ಯುವ ಸೀರೆಗಳನ್ನು ಒಗೆದುಕೊಂಡು ಬಾ ಎಂದು ಕಳಿಸಿದ್ದಳು. ಊರು ಹಾರಿಕೊಂಡಳು ಎಂದಿತು. ತಾಯಿ ಜಾರಿದಳು ಎಂದಳು. ತೋರಿಸಲು ಬಂಡೆಯೂ ಇರಲಿಲ್ಲ. ಸಾವು ಕಂಡ ಜಾಗವೆಂದು ಊರವರು ಅದನ್ನು ಒಡೆದು ನೀರಿಗೆ ಕೆಡವಿದ್ದರು.

“ಸೀಳೈತಿ ನೋಡ್ರಿ ಇಲ್ಲೆ!” ಎಂದು ಆಕೆ ನಿಂತವರನ್ನೆಲ್ಲ ಕರೆದಳು. “ಕಲ್ಲ ಸಡಲಿತ್ತು. ನನ್ನ ಮಗಳು ಹಾರಿಲ್ಲ, ಜಾರ್ಯಾಳ! ಮಾಸ್ತರ, ಇದನ್ನ ತಗೀಬ್ಯಾಡ್ರಿ. ನಮ್ಮ ಹಿರ್ಯಾರನ ಕರಕೊಂಡ ಬರ್ತೇನಿ.”

ಮಾಸ್ತರರು ಹೂಂ ಎಂದರು. ಮುಂದಿನ ಸಂತೆಯವರೆಗೆ ಪರದೆ ಗೋಡೆಯ ಮೇಲೆಯೇ ಇತ್ತು. ಅವರು ದಿನವೂ ಅದರ ಮುಂದೆ ಕೂರುತ್ತಿದ್ದರು. ಒಮ್ಮೆ, “ಸೀಳೋ, ಬಿಸಲ ಬಿದ್ದು ಬೆಳ್ಳಗ ಕಂಡಿತ್ತೋ…” ಎಂದು ತಮಗೆ ತಾವೇ ಹೇಳಿಕೊಂಡರು.

ಹಿರಿಯರು ಬಂದರು, ಇಬ್ಬರೋ ಮೂವರೋ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ನಿಂತಿದ್ದಳು. ಅವರಲ್ಲಿ ವಯಸ್ಸಾದವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಗಿಡ ಖರೆ ಐತಿ, ಬಂಡಿನೂ ಖರೆ ಐತಿ. ಆದ್ರ ನಮ್ಮ ಖಣಿ ಇಷ್ಟ ಎತ್ತರ ಎಲ್ಲೈತ್ರಿ ಮಾಸ್ತರ? ಅದನ್ನ ನೀವ ಬೆಳಸೀರಿ. ಹಂಗಿದ್ರ ಈ ಸೀಳು? ಕಣ್ಣಲೆ ಕಂಡದ್ದೋ, ಕೈಗೆ ಬಂದದ್ದೋ?”

ಮಾಸ್ತರರು ಪರದೆಯ ಹತ್ತಿರ ಹೋಗಿ ಆ ಗೆರೆಯ ಮೇಲೆ ಬೆರಳಿಟ್ಟರು.

“ಕಂಡೇನಿ ಅನ್ನಪ್ಪಾ,” ಎಂದಳು ತಾಯಿ. “ಒಂದ ಮಾತು. ನಿನ್ನ ಕಾಲ ಬೀಳ್ತೇನಿ.”

“ನನಗ ನೆನಪಿಲ್ಲವ್ವಾ,” ಎಂದರು ಅವರು.

ಆಕೆ ಬಯ್ಯಲಿಲ್ಲ, ಅಳಲಿಲ್ಲ. ಹಿರಿಯರ ಹಿಂದೆ ನಡೆದು ಹೋದಳು.

ಸತ್ತವಳ ಪರದೆ ನಮಗೆ ಬೇಡ ಎಂದು ಮುದ್ದೇಬಿಹಾಳದ ಹುಡುಗರು ಹೇಳಿಕಳಿಸಿದರು. ಮಾಸ್ತರರು ಅದನ್ನು ಡೋಣಿ ಹೊಳೆಗೆ ಒಯ್ದರು. ಒಂದು ತುದಿ ನಾನು ಹಿಡಿದಿದ್ದೆ. ಮೊದಲು ಬಿಳಿ ಹೋಯಿತು, ಆಮೇಲೆ ಹಸಿರು. ಕಲ್ಲಿನ ಕಂದು ಬಹಳ ಹೊತ್ತು ಬಿಡಲಿಲ್ಲ. ಬಟ್ಟೆ ಹಿಂಡುತ್ತ ಅವರು, “ಕಂಡೇನಿ ಅಂದಿದ್ರ ನನ್ನ ಗಂಟೇನ ಹೋಗತಿತ್ರಿ?” ಎಂದರು. ಆಮೇಲೆ ಎಷ್ಟೋ ಪರದೆ ಬರೆದರು, ಎಲ್ಲವೂ ಅರಮನೆ, ಬೀದಿ. ನೀರು ಬರೆದದ್ದನ್ನು ನಾನು ಕಾಣಲಿಲ್ಲ. ಅವರು ತೀರಿಕೊಂಡಾಗ ನಾನು ದೂರದ ಊರಿನಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ತಡವಾಗಿ ಬಂತು.

ಆ ವಾಸನೆ ಮೂಗಿಗೆ ಬಿದ್ದ ಮೇಲೆ ಸುಮ್ಮನಿರಲಾಗಲಿಲ್ಲ. ಮೊನ್ನೆ ತಾಳಿಕೋಟೆಗೆ ಹೋಗಿ, ಆ ತಾಯಿಯ ಹಳ್ಳಿಯ ಬಸ್ಸು ಹತ್ತಿದೆ. ಖಣಿ ಎಲ್ಲಿದೆ ಎಂದು ಪಕ್ಕದಲ್ಲಿ ಕೂತ ಮುದುಕರನ್ನು ಕೇಳಿದೆ. ಕಿಟಕಿಯಾಚೆ ಮಣ್ಣು, ಕಸ ತುಂಬಿ ಸಮವಾದ ಒಂದು ಬಯಲು ತೋರಿಸಿದರು.

“ಅಲ್ಲೆ ಒಬ್ಬಾಕಿ ಹಾರ್ಕೊಂಡಿದ್ಳು ನೋಡ್ರಿ. ಕಲ್ಲ ಗಟ್ಟಿನ ಇತ್ತಂತ ಪರದಿ ಮಾಸ್ತರನ ಹೇಳಿ ಹೋಗ್ಯಾನ. ಕಡೀಕ ಅವರವ್ವನೂ ಒಪ್ಕೊಂಡ್ಳು. ‘ನಾನ ಕೊಂದೆ, ನಾನ ಕಳಿಸಿದೆ’ ಅಂತ ಅಳಕೋಂತನ ಸತ್ಳು.”

“ಗಟ್ಟಿ ಇತ್ತು ಅಂದಿಲ್ರಿ,” ಎಂದೆ. ನನ್ನ ದನಿ ಏರಿತ್ತು. “ನೆನಪಿಲ್ಲ ಅಂದ್ರು. ನಾ ಅಲ್ಲೇ ಇದ್ದೆ.”

ಮುದುಕರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕುಹಕವಿರಲಿಲ್ಲ.

“ನಿಮಗ ಖರೇನ ನೆನಪೈತೇನ್ರಿ?”

ಐತಿ ಎಂಬ ಒಂದು ಮಾತು ಸಾಕಿತ್ತು. ನಾನು ತಡವರಿಸಿದೆ… ಅಷ್ಟರಲ್ಲಿ ಅವರ ಊರು ಬಂತು. “ಇರಲಿ ಬಿಡ್ರಿ, ಹಳೇ ಮಾತು,” ಎಂದು ನನ್ನ ಭುಜ ತಟ್ಟಿ, ಚೀಲ ಎತ್ತಿಕೊಂಡು ಇಳಿದು ಹೋದರು.