ಕೆನ್ನೆ ಕೆಂಪಗಿದ್ದ ಹೆಣ

ಧಾರಾವಾಹಿ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಮುಖಗಳಿಗೆ ಬಣ್ಣ ಹಚ್ಚಿ ಕೈ ಪಳಗಿದವಳು. ಮದುಮಗಳನ್ನು ಯಾರು ಬೇಕಾದರೂ ಸಿಂಗರಿಸಬಹುದು, ಹೆಣ ಮಾಡಲು ತಾನೇ ಬೇಕು ಎಂಬ ಜಂಬ ಅವಳಿಗಿತ್ತು. ಅದು ಸುಳ್ಳೂ ಅಲ್ಲ. ತುಟಿಗೆ ಬೂದು, ಕಣ್ಣಿನ ಕೆಳಗೆ ಒಂದಿಷ್ಟು ನೀಲಿ, ಕೆನ್ನೆಗೆ ಬಿಳಿ ಪುಡಿ. ಅವಳು ಕೈ ಒರೆಸಿಕೊಂಡ ಮೇಲೆ ನಟಿಯರು ಕನ್ನಡಿ ನೋಡಲು ಹೆದರುತ್ತಿದ್ದರು.

ಅವಳ ಅಕ್ಕನ ಮನೆ ಸ್ಟುಡಿಯೋ ಹಿಂದಿನ ಬೀದಿಯಲ್ಲೇ. ಅಕ್ಕ ಗ್ರಂಥಾಲಯದಲ್ಲಿದ್ದು ನಿವೃತ್ತಳಾದವಳು. ಅವಳ ಜೊತೆ ಮೂವತ್ತೊಂದು ವರ್ಷದಿಂದ ಬಾಳುತ್ತಿರುವವಳು ಲೆಕ್ಕದ ಟೀಚರ್. "ಪಾಪ, ಒಬ್ಬರಿಗೊಬ್ಬರು ಕಂಪನಿ" ಎನ್ನುತ್ತಿದ್ದರು ನೆಂಟರು. ಒಂದೇ ಮಂಚ, ಒಂದೇ ಬೀರು, ಒಬ್ಬಳಿಗೆ ಕೆಮ್ಮು ಬಂದರೆ ಇನ್ನೊಬ್ಬಳಿಗೆ ನಿದ್ದೆಯಿಲ್ಲ. ನೆಂಟರ ಕಣ್ಣಿಗೆ ಮಾತ್ರ ಅದು ಕಂಪನಿ. ಬಣ್ಣದಕ್ಕನಿಗೆ ಎಲ್ಲ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಹೇಳಿರಲಿಲ್ಲ ಅಷ್ಟೆ.

ಬರುವ ಸೋಮವಾರ ಟೀಚರ್‌ಗೆ ಹೃದಯದ ಆಪರೇಷನ್ ಎಂದು ನಿಗದಿಯಾಗಿತ್ತು. ಮಾಡಿಸದಿದ್ದರೆ ವರ್ಷ ಕಳೆಯುವುದು ಕಷ್ಟ ಎಂದಿದ್ದರು ಡಾಕ್ಟರು. ಟೀಚರ್ ಸುತಾರಾಂ ಒಪ್ಪಲಿಲ್ಲ.

"ನಮ್ಮಂಥೋರು ಟೀವೀಲಿ ಆಸ್ಪತ್ರೆಗೆ ಹೋಗಿ ವಾಪಸ್ ಬಂದಿದ್ದು ನೋಡಿದೀಯಾ? ಹೆಣ್ಣು ಹೆಣ್ಣನ್ನ ಮೆಚ್ಚಿದ್ಲು ಅಂದ್ರೆ ಮುಗೀತು. ಒಬ್ಳು ಲಾರಿಗೆ ಸಿಕ್ಕಿದ್ಲು, ಒಬ್ಳು ಮಹಡಿಯಿಂದ ಬಿದ್ಲು, ಇನ್ನೊಬ್ಳಿಗೆ ಜ್ವರ. ಬರೀ ಜ್ವರ ಕಣೇ! ಗಂಡಸನ್ನ ಮೆಚ್ಚಿದ ಗಂಡಸರಾದ್ರೆ ವಾಸಿ, ಸಾಯಿಸಲ್ಲ. ಸೊಂಟ ಬಳುಕಿಸಿ ನಗಿಸಿದ್ರೆ ಸಾಕು."

"ಅದು ಕತೆ ಅಲ್ವೇನೇ" ಎಂದಳು ಅಕ್ಕ.

"ಕತೆ ಅಂತ ನನ್ನ ತಲೆಗೆ ಗೊತ್ತು. ಎದೆಗೆ ಗೊತ್ತಾಗ್ಬೇಕಲ್ಲ?"

ಈಗ ಸಂಜೆ ಏಳಕ್ಕೆ ಬರುವ ಧಾರಾವಾಹಿಯಲ್ಲಿ ಒಬ್ಬ ನರ್ಸ್‌ಗೂ ಒಬ್ಬ ಬಸ್ ಕಂಡಕ್ಟರ್ ಹುಡುಗಿಗೂ ಪ್ರೀತಿ ಕುದುರಿತ್ತು. ಆ ನರ್ಸ್ ಬದುಕಿ ಉಳಿದರೆ ತಾನೂ ಆಪರೇಷನ್‌ಗೆ ಹೋಗುತ್ತೇನೆ ಎಂದು ಟೀಚರ್ ಪಟ್ಟು ಹಿಡಿದಳು. ಜೀವನವಿಡೀ ಮಕ್ಕಳಿಗೆ ಎರಡೆರಡು ನಾಲ್ಕು ಎಂದು ಕಲಿಸಿದ ಹೆಂಗಸು! ಬಣ್ಣದಕ್ಕನಿಗೆ ನಗು ಬರಬೇಕಿತ್ತು, ಬರಲಿಲ್ಲ. ಲಾರಿಗೆ ಸಿಕ್ಕವಳನ್ನೂ ಮಹಡಿಯಿಂದ ಬಿದ್ದವಳನ್ನೂ ಜ್ವರದವಳನ್ನೂ ಹೆಣ ಮಾಡಿದ್ದು ಅವಳೇ. ಅದನ್ನು ಮನೆಯಲ್ಲಿ ಕೂತು ಯಾರು ನೋಡುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಗುರುವಾರ ಬೆಳಿಗ್ಗೆ ದೃಶ್ಯದ ಹಾಳೆ ಕೈಗೆ ಬಂತು. ನರ್ಸ್‌ಗೆ ಅಪಘಾತ, ಸಾವು. ಬಣ್ಣದಕ್ಕ ನೆಟ್ಟಗೆ ಕತೆ ಬರೆಯುವವನ ಬಳಿಗೆ ಹೋದಳು.

"ಯಾಕಪ್ಪಾ ಸಾಯಿಸ್ತೀಯಾ ಅವಳನ್ನ?"

"ಇನ್ನೇನ್ ಮಾಡ್ಲಿ ಅಕ್ಕಾ? ಮದುವೆ ಮಾಡ್ಸಿದ್ರೆ ಚಾನೆಲ್‌ನೋರು ಒಪ್ಪಲ್ಲ. ಸುಮ್ನೆ ಸುಖವಾಗಿ ಇಟ್ರೆ ನಂಗೆ ಬರೆಯೋಕೆ ಏನೂ ಉಳಿಯಲ್ಲ." ಪಾಪ, ಅವನ ಕಷ್ಟ ಅವನಿಗೆ.

ನಟಿ ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಳು. ಬಣ್ಣದಕ್ಕ ಬಿಳಿ ಪುಡಿಯ ಡಬ್ಬಿ ತೆರೆದಳು, ಮುಚ್ಚಿದಳು. ಕೈ ಕೆಂಪಿನ ಕಡೆ ಹೋಯಿತು. ಮುಂದೇನು ಎಂದು ಯೋಚಿಸುವಷ್ಟು ಬುದ್ಧಿ ಆ ಹೊತ್ತಿನಲ್ಲಿ ಅವಳಿಗಿರಲಿಲ್ಲ, ಅದನ್ನು ಒಪ್ಪಿಕೊಂಡುಬಿಡುವುದೇ ಒಳ್ಳೆಯದು. ಹಣೆಗೆ ಬ್ಯಾಂಡೇಜು ಕಟ್ಟಿ, ಕೆನ್ನೆಗೆ ಕೆಂಪು ತೀಡಿ, ತುಟಿಗೂ ಒಂದಿಷ್ಟು ಹಚ್ಚಿ ಕಳಿಸಿದಳು.

ಸೆಟ್ಟಿನಲ್ಲಿ ಎಲ್ಲರೂ ಗಡಿಬಿಡಿಯಲ್ಲಿದ್ದರು, ಯಾರೂ ಗಮನಿಸಲಿಲ್ಲ. ಶುಕ್ರವಾರ ಬೆಳಿಗ್ಗೆ ಎಡಿಟಿಂಗ್ ಕೋಣೆಯಲ್ಲಿ ಕೂತ ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಬಣ್ಣದಕ್ಕನನ್ನು ಕರೆಸಿದ.

"ಇದೇನ್ ಹೆಣಾನೋ, ಮದುವೆ ಹೆಣ್ಣೋ? ಬಣ್ಣದಕ್ಕಾ, ನಿಮಗೆ ವಯಸ್ಸಾಯ್ತು!"

ಇಪ್ಪತ್ತಾರು ವರ್ಷದಲ್ಲಿ ಯಾರೂ ಆಡದ ಮಾತು. ಬಣ್ಣದಕ್ಕ ನುಂಗಿಕೊಂಡಳು. ಮತ್ತೆ ತೆಗೆಯೋಣವೆಂದರೆ ಆಸ್ಪತ್ರೆಯ ಸೆಟ್ಟು ಆಗಲೇ ಪೊಲೀಸ್ ಠಾಣೆಯಾಗಿತ್ತು. ಪ್ರಸಾರ ಅಂದೇ ಸಂಜೆ. ಪುಣ್ಯಕ್ಕೆ ಡಾಕ್ಟರ್ ಪಾತ್ರದವನು ಕ್ಯಾಮೆರಾಗೆ ಬೆನ್ನು ಹಾಕಿ ನಿಂತಿದ್ದ. ಅವನನ್ನು ಕರೆಸಿ ಹೊಸ ಮಾತು ಹೇಳಿಸಿ ಅಂಟಿಸಿದರು.

ಸಂಜೆ ಮೂವರೂ ಟೀವಿ ಮುಂದೆ ಕೂತರು. "ಜೀವಕ್ಕೆ ಅಪಾಯ ಇಲ್ಲ, ಕೋಮಾದಲ್ಲಿದಾರೆ" ಎಂದಿತು ಡಾಕ್ಟರರ ಬೆನ್ನು. ಕಂಡಕ್ಟರ್ ಹುಡುಗಿ ಮಂಚದ ಪಕ್ಕದಲ್ಲಿ ಕೂತು ನರ್ಸ್‌ನ ಕೈ ಹಿಡಿದುಕೊಂಡಳು.

ಟೀಚರ್ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದಳು. "ಎಚ್ಚರ ಆಗೋವರೆಗೂ ಪಕ್ಕದಲ್ಲೇ ಕೂತಿರ್ತಾಳಾ?"

ಪ್ರಶ್ನೆ ಯಾರಿಗೆಂದು ಅಕ್ಕನಿಗೆ ಗೊತ್ತಾಯಿತು. ಅವಳು ಗದರಿದಳು.

"ಮೂವತ್ತೊಂದು ವರ್ಷ ಕೂತೋಳು ಆಪರೇಷನ್ನಿನ ಮೂರು ಗಂಟೇಲಿ ಎದ್ದು ಹೋಗ್ತೀನಾ?"

ತಂಗಿ ಪಕ್ಕದಲ್ಲೇ ಇದ್ದಾಳೆ ಎಂಬುದನ್ನೂ ಮರೆತು ಅವಳು ಅಂಥ ಮಾತು ಆಡಿದ್ದು ಅದೇ ಮೊದಲು. ಟೀಚರ್ ಎದ್ದು ಬೀರು ತೆಗೆದಳು. ಆಸ್ಪತ್ರೆಯ ಚೀಲಕ್ಕೆ ತನ್ನ ಎರಡು ಜೊತೆ ಬಟ್ಟೆ ಇಟ್ಟಳು, ಅದರ ಮೇಲೆ ಅಕ್ಕನದೂ ಎರಡು ಜೊತೆ.